ಕಾಂಪ್ಲೆಕ್ಸ್ ಸೆಪ್‌ಸ್ಟ್ರಮ್‌ನಲ್ಲಿ ಎಕೋ ಪೀಕ್ ಮುಳುಗಿಹೋಗ್ತಿದ್ರೆ ಹೀಗೆ ಮಾಡಿ

ಪೈಥಾನ್‌ನ ನಂಪೈ ಲೈಬ್ರರಿಯಲ್ಲಿ ಕಾಂಪ್ಲೆಕ್ಸ್ ಸೆಪ್‌ಸ್ಟ್ರಮ್ (ಸಿಗ್ನಲ್ಲಿನ ಫ್ರೀಕ್ವೆನ್ಸಿ ಸ್ಪೆಕ್ಟ್ರಮ್‌ನ ಲಾಗ್ ತಗೊಂಡು ಮತ್ತೆ ಟೈಮ್‌ಗೆ ತಿರುಗಿಸಿದ್ದು) ತೆಗೆದ್ರೆ ಒಂದೊಂದು ಸ್ಯಾಂಪಲ್ಲಿಗೂ ಪ್ಲಸ್ ಮೈನಸ್ ಅಂತ ಗರಗಸದ ಹಲ್ಲಿನ ಥರ ಬರ್ತಿತ್ತು, 8000 ಹರ್ಟ್ಸ್ ಆಡಿಯೋದಲ್ಲಿ 50 ಮಿಲಿಸೆಕೆಂಡ್ ಎಕೋ ಇದ್ರೂ 400ನೇ ಸ್ಯಾಂಪಲ್ಲಿನ ಪೀಕ್ ಅದ್ರಲ್ಲೇ ಮುಳುಗಿಹೋಗ್ತಿತ್ತು. ವಿಂಡೋ ಬದಲಾಯಿಸಿದ್ರೂ, ಲಾಗ್ ಒಳಗೆ ಸಣ್ಣ ಸಂಖ್ಯೆ ಕೂಡಿಸಿದ್ರೂ ಹೋಗ್ಲಿಲ್ಲ. ರಿಯಲ್ ಸೆಪ್‌ಸ್ಟ್ರಮ್‌ನಲ್ಲಿ ಪೀಕ್ ಸಿಗುತ್ತೆ, ಆದ್ರೆ ಫೇಸ್ (ಪ್ರತಿ ಫ್ರೀಕ್ವೆನ್ಸಿಯ ಕೋನ) ಇರಲ್ಲ, ಸಿಗ್ನಲ್ ವಾಪಸ್ ಬರಲ್ಲ.

ಕಾರಣ ಫೇಸ್‌ನಲ್ಲಿ ಉಳಿದಿರೋ ಲೀನಿಯರ್ ಇಳಿಜಾರು. ಎನ್ (ಎಫ್‌ಎಫ್‌ಟಿ, ಅಂದ್ರೆ ಸಿಗ್ನಲ್ಲನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕದ ಉದ್ದ) ಸರಿಸಂಖ್ಯೆ ಇರ್ಲಿ, ಸಿಗ್ನಲ್ ಉದ್ದದ 8 ಪಟ್ಟಾದ್ರೂ ಇಟ್ಟು ಸೊನ್ನೆ ತುಂಬಿ ಎಫ್‌ಎಫ್‌ಟಿ ಮಾಡಿ (ಇಲ್ಲಿ ಜಿಪುಣತನ ಬೇಡ, ಅನ್‌ರ‍್ಯಾಪ್ ಅಂದ್ರೆ ಫೇಸಿನ 2×ಪೈ ಜಿಗಿತ ತೆಗೆಯೋದು, ಅದು ಎಡವೋದೇ ಇಲ್ಲಿ), 0ನೇ ಬಿನ್ (ಎಫ್‌ಎಫ್‌ಟಿಯ ಮೊದಲ ಬೆಲೆ) ನೆಗೆಟಿವ್ ಇದ್ರೆ ಎಲ್ಲಾ ಬಿನ್‌ಗಳ ಚಿಹ್ನೆ ತಿರುಗಿಸಿ, ಆಮೇಲೆ ಆಂಗಲ್, ಅನ್‌ರ‍್ಯಾಪ್. ಈಗ ಎನ್/2ನೇ ಬಿನ್ನಿನ ಫೇಸನ್ನ ಪೈನಿಂದ ಭಾಗಿಸಿ ರೌಂಡ್ ಮಾಡಿ, ಅದು ಆರ್. ಪ್ರತಿ ಕೆನೇ ಬಿನ್ನಿಂದ 2×ಪೈ×ಆರ್×ಕೆ/ಎನ್ ಕಳೀರಿ. ಕಳೆದ ಮೇಲಷ್ಟೇ ಫೇಸನ್ನ ಇಮ್ಯಾಜಿನರಿ ಭಾಗವಾಗಿ ಲಾಗ್ ಮ್ಯಾಗ್ನಿಟ್ಯೂಡ್ ಜೊತೆ ಸೇರಿಸಿ ಐಎಫ್‌ಎಫ್‌ಟಿ (ಉಲ್ಟಾ ಎಫ್‌ಎಫ್‌ಟಿ) ಮಾಡಿ, ರಿಯಲ್ ಭಾಗ ಮಾತ್ರ ತಗೊಳ್ಳಿ. ಆರ್ ಸೇವ್ ಮಾಡಿಟ್ಕೊಳ್ಳಿ, ವಾಪಸ್ ಹೋಗುವಾಗ ಎಕ್ಸ್‌ಪೊನೆನ್ಷಿಯಲ್‌ಗೆ ಮುಂಚೆ ಅದೇ ಇಳಿಜಾರನ್ನ ಮತ್ತೆ ಕೂಡಿಸ್ಬೇಕು.