ಬಿಚ್ಚಿ ಕೂರಿಸುವ ಕ್ಯಾಬಿನ್: ನನ್ನ ಅನುಭವ

ಚನ್ನಗಿರಿ ಸೀಮೆಯಲ್ಲಿ ನನಗಿರುವುದು ಆರು ಎಕರೆ ಅಡಿಕೆ ತೋಟ ಮತ್ತು ಒಂಬತ್ತು ಎಕರೆ ಮೆಕ್ಕೆಜೋಳದ ಹೊಲ. ಕ್ಯಾಬಿನ್ ಇರುವ ಟ್ರ್ಯಾಕ್ಟರ್ ತೋಟದೊಳಗೆ ನುಗ್ಗುವುದಿಲ್ಲ, ತೆರೆದ ಟ್ರ್ಯಾಕ್ಟರಿನ ಮೇಲೆ ಏಪ್ರಿಲ್ ಬಿಸಿಲಿನಲ್ಲಿ ಹೊಲ ಹೊಡೆಯಲು ಮೈ ತಡೆಯುವುದಿಲ್ಲ. ಎರಡನ್ನೂ ಕೊಳ್ಳುವ ಶಕ್ತಿ ಇಲ್ಲದ್ದರಿಂದ, ನನ್ನ ಹಳೆಯ 45 ಎಚ್‌ಪಿ ಗಾಡಿಗೆ ಬೇಕಾದಾಗ ಕೂರಿಸಿ ಬೇಡವಾದಾಗ ಇಳಿಸುವ ಕ್ಯಾಬಿನ್ ಮಾಡಿಸಲು ಹೊರಟೆ. ಅದು ನಡೆಯುವ ಮಾತಲ್ಲ, ಮಿನಿ ಟ್ರ್ಯಾಕ್ಟರ್ ತೆಗೆದುಕೊ ಎಂದು ಅಣ್ಣನೂ ಗ್ಯಾರೇಜಿನವರೂ ಹೇಳಿದರು. ಈಗ ಮೂರು ವರ್ಷದಿಂದ ನಡೆಯುತ್ತಿದೆ.

ಮೊದಲನೆಯ ಕ್ಯಾಬಿನ್ನಿಗೆ ಸುಮಾರು 90 ಸಾವಿರ ಸುರಿದೆ. ತಗಡನ್ನು ನೇರವಾಗಿ ಮಡ್‌ಗಾರ್ಡಿಗೆ ಬೋಲ್ಟ್ ಮಾಡಿದ್ದರಿಂದ ಅದು ತಮಟೆಯಂತೆ ಬಡಿದು ಸಂಜೆಯ ಹೊತ್ತಿಗೆ ಕಿವಿ ಕೇಳಿಸದಂತಾಗುತ್ತಿತ್ತು. ಕ್ಲಚ್ ಪೆಡಲ್ಲಿನ ಸಂದಿಯಿಂದ ಧೂಳು, ಗೇರ್‌ಬಾಕ್ಸಿನಿಂದ ಕಾವು ಒಳಗೇ ತುಂಬುತ್ತಿದ್ದವು. ಕೊನೆಗೆ ಗುಜರಿಯವರು ಕೊಟ್ಟದ್ದು 14 ಸಾವಿರ. ಎಸಿ ಏಕೆಂದು 12 ವೋಲ್ಟಿನ ನೀರಿನ ಕೂಲರನ್ನೂ ಇಟ್ಟು ನೋಡಿದೆ. ಮಾರ್ಚಿನಲ್ಲಿ ಚೆನ್ನಾಗಿತ್ತು, ಮುಂಗಾರು ಹಿಡಿದ ಮೇಲೆ ತಂಪಾಗುವ ಬದಲು ಗಾಜೆಲ್ಲ ಮಂಜಾಯಿತು.

ಎರಡನೆಯದಕ್ಕೆ ಎಸಿ ಸೇರಿ 1.9 ಲಕ್ಷದಷ್ಟಾಯಿತು. ಪೈಪಿನ ಚೌಕಟ್ಟನ್ನು ನಾಲ್ಕು ರಬ್ಬರ್ ಬುಷ್‌ಗಳ ಮೇಲೆ ಕೂರಿಸಿ, ಕಾಲಡಿಗೆ ಕಾವು ತಡೆಯುವ ಹಾಸು ಹಾಕಿ, ಚಾವಣಿಯ ಫಿಲ್ಟರಿನ ಮೂಲಕ ಬ್ಲೋವರ್ ಗಾಳಿಯನ್ನು ಒಳಗೆ ಒತ್ತುವಂತೆ ಮಾಡಿಸಿದೆ. ಒಳಗಿನ ಒತ್ತಡ ಸ್ವಲ್ಪ ಹೆಚ್ಚಿರುವುದರಿಂದ ಸಂದಿಗಳಲ್ಲಿ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಎಸಿ ಹಾಕಿದರೆ ಗಂಟೆಗೆ ಅರ್ಧ ಲೀಟರಿನಷ್ಟು ಡೀಸೆಲ್ ಹೆಚ್ಚು ಬೇಕು. ಗಟ್ಟಿ ನೆಲದಲ್ಲಿ ಮಣ್ಣು ಪುಡಿ ಮಾಡುವ ರೋಟಾವೇಟರ್ ಇಳಿಸುವಾಗ ನಾನು ಎಸಿಯನ್ನು ಆಫ್ ಮಾಡುತ್ತೇನೆ.

ನನ್ನ ತೋಟದ ಸಾಲು ಒಂಬತ್ತು ಅಡಿಯದು, ಅಗಲಕ್ಕೆ ತೊಂದರೆಯಿಲ್ಲ. ಆದರೆ ನೆಲದಿಂದ ಎಂಟೂವರೆ ಅಡಿ ಎತ್ತರಕ್ಕೆ ಬರುವ ಕ್ಯಾಬಿನ್ನಿಗೆ ಎಳೆಯ ಮರಗಳ ಸೋಗೆ ಸಿಕ್ಕಿ ಹರಿಯುತ್ತದೆ. ಆದ್ದರಿಂದ ಗೊಬ್ಬರ ಹೊಡೆಯುವ ಮುನ್ನ ಶೆಡ್ಡಿನ ತೊಲೆಗೆ ಕಟ್ಟಿದ ಚೈನ್ ಪುಲ್ಲಿಯಿಂದ ಅದನ್ನು ಎತ್ತಿ ಇಡುತ್ತೇವೆ. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಈಗ ಇಬ್ಬರಿಗೆ 40 ನಿಮಿಷದ್ದು. ಮೊದಲೆರಡು ಸಲ ಎಸಿ ಗ್ಯಾಸು ಸೋರಿ, ತುಂಬಿಸಲು ಸಲಕ್ಕೆ 2,500 ರೂಪಾಯಿ ಹೋಯಿತು. ಆ ಗ್ಯಾಸಿನ ಪೈಪಿನ ಜೋಡಣೆಯನ್ನು ಈಗ ಹೇಗೆ ಮಾಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ.

ಇಂಥ ಕ್ಯಾಬಿನ್ ಗಾಡಿ ಮಗುಚಿದಾಗ ಕಾಪಾಡುತ್ತದೆಂದು ನಂಬಬೇಡಿ, ಬದುವಿನ ಮೇಲೆ ನಾನು ಓಡಿಸುವುದಿಲ್ಲ. ಔಷಧಿ ಹೊಡೆಯುವಾಗ ಒಳಗೂ ಮಾಸ್ಕ್ ಹಾಕುತ್ತೇನೆ, ಏಕೆಂದರೆ ಕಾಗದದ ಫಿಲ್ಟರ್ ಧೂಳು ತಡೆದೀತೇ ಹೊರತು ಔಷಧಿಯ ಆವಿಯನ್ನಲ್ಲ. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ಹೊಟ್ಟು, ಎಸಿಯ ಕಾವನ್ನು ಹೊರಹಾಕುವ ಕಂಡೆನ್ಸರಿಗೆ ಮೆತ್ತಿಕೊಳ್ಳುವುದರಿಂದ ಮುಂದೆ ಸೊಳ್ಳೆಪರದೆ ಕಟ್ಟಿ, ಸಂಜೆ ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಯುತ್ತೇನೆ.