ಭಾರತ ಹುಣ್ಣಿಮೆಯಿಂದ ಶಿವರಾತ್ರಿಯವರೆಗೆ: ಒಂದು ಸೌರಾತೀತ ಗ್ರಹವನ್ನು ಅಳೆದ ಅನುಭವ

ಬೇರೆ ನಕ್ಷತ್ರಗಳ ಸುತ್ತ ಗ್ರಹಗಳನ್ನು ಹುಡುಕಿದ ವಾಸ್ಪ್ ಸಮೀಕ್ಷೆಯ ಉಪಕರಣದ ಚಿತ್ರವನ್ನು ಮೊದಲ ಬಾರಿ ನೋಡಿದಾಗ ನನಗೆ ಆಶ್ಚರ್ಯವಾಗಿತ್ತು. ದಕ್ಷಿಣ ಆಫ್ರಿಕಾದ ಸದರ್‌ಲ್ಯಾಂಡ್ ಮತ್ತು ಕ್ಯಾನರಿ ದ್ವೀಪಗಳ ಲಾ ಪಾಲ್ಮಾ, ಈ ಎರಡೂ ಕಡೆ ಎಂಟೆಂಟು ಕ್ಯಾಮೆರಾಗಳನ್ನು ಒಂದೇ ಚೌಕಟ್ಟಿಗೆ ಬಿಗಿದಿದ್ದರು. ಅವುಗಳಿಗೆ ಹಾಕಿದ್ದು ಕ್ರೀಡಾಂಗಣದ ಛಾಯಾಗ್ರಾಹಕರು ಬಳಸುವಂಥ 200 ಮಿ.ಮೀ. ಲೆನ್ಸ್, ಅದರ ಬಾಯಿಯ ಅಗಲ ಸುಮಾರು 11 ಸೆಂ.ಮೀ. ಮಾತ್ರ. ನಮ್ಮ ಊರಿನ ತಾರಸಿಯ ಮೇಲಿದ್ದ ನನ್ನ 20 ಸೆಂ.ಮೀ. ದೂರದರ್ಶಕ ಅದಕ್ಕಿಂತ ದೊಡ್ಡದು. ಹಾಗಿದ್ದರೆ ಅವರು ಕಂಡದ್ದನ್ನು ನಾನೂ ಅಳೆಯಬಹುದಲ್ಲ ಎಂಬ ಯೋಚನೆ ಅಲ್ಲಿಂದ ಶುರುವಾಯಿತು.

ಆಯ್ದುಕೊಂಡದ್ದು 2011ರಲ್ಲಿ ಪ್ರಕಟವಾದ ವಾಸ್ಪ್-43ಬಿ. ಗುರುವಿನ ಎರಡರಷ್ಟು ತೂಕದ ಈ ಗ್ರಹ ತನ್ನ ಸೂರ್ಯನನ್ನು ಕೇವಲ ಹತ್ತೊಂಬತ್ತೂವರೆ ಗಂಟೆಯಲ್ಲಿ ಸುತ್ತುತ್ತದೆ. ಪ್ರತಿ ಸುತ್ತಿನಲ್ಲೂ ನಮಗೂ ನಕ್ಷತ್ರಕ್ಕೂ ನಡುವೆ ಹಾದು, ಸುಮಾರು 70 ನಿಮಿಷಗಳ ಕಾಲ ನಕ್ಷತ್ರದ ಬೆಳಕಿನಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ತಡೆಯುತ್ತದೆ. ಇದನ್ನೇ ಸಂಕ್ರಮಣ ಎನ್ನುತ್ತೇವೆ. ಮಖಾ ನಕ್ಷತ್ರದಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕಿರುವ ಈ ನಕ್ಷತ್ರ ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ನಮ್ಮಲ್ಲಿ ಮಳೆ ಮೋಡಗಳಿಲ್ಲದ ಫೆಬ್ರವರಿಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಚೆನ್ನಾಗಿ ಮೇಲೇರಿರುತ್ತದೆ ಎಂಬುದೇ ನನಗೆ ಮುಖ್ಯವಾಗಿತ್ತು.

ಮೊದಲ ಪ್ರಯತ್ನವನ್ನು ಅವಸರದಲ್ಲಿ ಭಾರತ ಹುಣ್ಣಿಮೆಯ ರಾತ್ರಿ ಮಾಡಿದೆ. ಮಾಘ ಮಾಸದ ಹುಣ್ಣಿಮೆಯ ಚಂದ್ರ ಇರುವುದೇ ಮಖಾ ನಕ್ಷತ್ರದ ಆಸುಪಾಸಿನಲ್ಲಿ. ಪಂಚಾಂಗ ನೋಡುವ ಮನೆಯಲ್ಲಿ ಬೆಳೆದಿದ್ದರೂ ಅದು ನನ್ನ ಗಮನಕ್ಕೆ ಬಂದದ್ದು, ಚಿತ್ರದ ಹಿನ್ನೆಲೆ ಹಾಲು ಚೆಲ್ಲಿದಂತೆ ಬೆಳಗಿದ್ದನ್ನು ಕಂಡ ಮೇಲೆಯೇ. ಅದಕ್ಕಿಂತ ದೊಡ್ಡ ತಪ್ಪು ಬೇರೆಯಿತ್ತು. ನನ್ನ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠ), ನಕ್ಷತ್ರ ನಡುನೆತ್ತಿಯ ರೇಖೆಯನ್ನು ದಾಟುವಾಗ ದೂರದರ್ಶಕವನ್ನು ಇನ್ನೊಂದು ಬದಿಗೆ ಹೊರಳಿಸುವಂಥದ್ದು. ಸಂಕ್ರಮಣದ ಮಧ್ಯಭಾಗ ಬಂದದ್ದು ರಾತ್ರಿ 1 ಗಂಟೆ 5 ನಿಮಿಷಕ್ಕೆ, ಹೊರಳಿದ್ದು 1 ಗಂಟೆ 17ಕ್ಕೆ. ಹೊರಳಿದ ಮೇಲೆ ಚಿತ್ರ ತಲೆಕೆಳಗಾಗಿ, ನಕ್ಷತ್ರ ಕ್ಯಾಮೆರಾ ಸೆನ್ಸರಿನ ಬೇರೆಯೇ ಮೂಲೆಯಲ್ಲಿ ಕುಳಿತಿತು, ಹೊತ್ತು ಕಳೆದಂತೆ ನಕ್ಷತ್ರದ ಬೆಳಕು ಎಷ್ಟಿತ್ತೆಂದು ತೋರಿಸುವ ಬೆಳಕಿನ ರೇಖೆ ಅಲ್ಲೇ ಒಂದು ಮೆಟ್ಟಿಲು ಹಾರಿತು. ಎರಡೂವರೆ ಪಾಲನ್ನು ಹುಡುಕುವಾಗ ಒಂದು ಪಾಲಿನ ಸುಳ್ಳು ಮೆಟ್ಟಿಲು ನಡುವೆ ಬಂದರೆ ಆ ಅಳತೆಯನ್ನು ನಂಬುವಂತಿಲ್ಲ.

ಮೆಟ್ಟಿಲಿಗೆ ಕಾರಣ ಸೆನ್ಸರಿನ ಮೇಲಿನ ಧೂಳು. ಒಂದೊಂದು ಕಣವೂ ಚಿತ್ರದಲ್ಲಿ ಚಕ್ಕುಲಿಯಂಥ ಮಸುಕು ಬಳೆಯೊಂದನ್ನು ಮೂಡಿಸಿ, ಅಲ್ಲಿ ಬಿದ್ದ ಬೆಳಕನ್ನು ಚೂರು ಕಡಿಮೆ ತೋರಿಸುತ್ತದೆ. ಇದನ್ನು ತೆಗೆಯಲು ಫ್ಲ್ಯಾಟ್ ಫ್ರೇಮ್, ಅಂದರೆ ಎಲ್ಲೆಡೆ ಸಮನಾಗಿ ಬೆಳಗಿದ ಹಿನ್ನೆಲೆಯ ಚಿತ್ರ ಬೇಕು. ಒಗೆದ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ದೂರದರ್ಶಕದ ಬಾಯಿಗೆ ಎಳೆದು ಕಟ್ಟಿ, ಸೂರ್ಯ ಮುಳುಗಿದ ಕೂಡಲೇ ನೆತ್ತಿಯ ಕಡೆಗೆ ತಿರುಗಿಸಿ ನಲವತ್ತು ಚಿತ್ರ ತೆಗೆಯುವುದನ್ನು ಆಮೇಲೆ ಅಭ್ಯಾಸ ಮಾಡಿಕೊಂಡೆ. ಆ ಸರಾಸರಿಯಿಂದ ರಾತ್ರಿಯ ಪ್ರತಿ ಚಿತ್ರವನ್ನೂ ಭಾಗಿಸಿದರೆ ಬಳೆಗಳು ಅಳಿಸಿಹೋಗುತ್ತವೆ. ಇಡೀ ಕೆಲಸದಲ್ಲಿ ಅತ್ಯಂತ ಶ್ರದ್ಧೆ ಬೇಡುವ ಹಂತ ಇದೇ ಎಂದು ನಾನು ನಂಬಿದ್ದೇನೆ.

ಗ್ರಹದ ಹದಿನಾರು ಸುತ್ತುಗಳಿಗೆ 13 ದಿನ 22 ನಿಮಿಷ ಬೇಕು. ನಕ್ಷತ್ರವಾದರೋ ದಿನಕ್ಕೆ ಸುಮಾರು 4 ನಿಮಿಷದಂತೆ ಬೇಗ ನೆತ್ತಿಗೆ ಬರುವುದರಿಂದ, 13 ದಿನಗಳಲ್ಲಿ 51 ನಿಮಿಷ ಮುಂಚಿತವಾಗುತ್ತದೆ. ಹೀಗಾಗಿ ಶಿವರಾತ್ರಿಯ ಹಿಂದಿನ ರಾತ್ರಿ ದೂರದರ್ಶಕ 12 ಗಂಟೆ 26ಕ್ಕೆ ಹೊರಳಬೇಕಿತ್ತು, ಸಂಕ್ರಮಣ ಶುರುವಾಗುವುದಕ್ಕೆ ಇನ್ನೂ 26 ನಿಮಿಷ ಉಳಿಯುತ್ತಿತ್ತು. ಚಂದ್ರನ ಕಾಟವೂ ಇರಲಿಲ್ಲ. ಆ ರಾತ್ರಿ 11 ಗಂಟೆ 20ರಿಂದ 3 ಗಂಟೆಯವರೆಗೆ ಒಂದೊಂದು ನಿಮಿಷದ ಸುಮಾರು 210 ಚಿತ್ರಗಳು ಸಿಕ್ಕಿದವು. ಬೆಳಕು ನಾಲ್ಕಾರು ಪಿಕ್ಸೆಲ್‌ಗಳಿಗೆ ಬದಲು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿಹೋಗಲೆಂದು ಫೋಕಸನ್ನು ಬೇಕೆಂದೇ ಸ್ವಲ್ಪ ಸಡಿಲಿಸಿದ್ದೆ.

ಅಳತೆ ಯಾವಾಗಲೂ ಹೋಲಿಕೆಯದ್ದೇ. ಗ್ರಹದ ಸೂರ್ಯನಾದ ವಾಸ್ಪ್-43 ನಕ್ಷತ್ರದ ಬೆಳಕನ್ನು ಅದೇ ಚಿತ್ರದ ನೆರೆಯ ನಕ್ಷತ್ರಗಳ ಬೆಳಕಿನಿಂದ ಭಾಗಿಸಿದಾಗ ತೆಳು ಮೋಡ, ಧೂಳಿನ ಪರದೆ ಎಲ್ಲವೂ ಕಳೆದುಹೋಗಬೇಕು. ಆದರೆ ವಾಸ್ಪ್-43 ಕಿತ್ತಳೆ ಬಣ್ಣದ್ದು. ನಾನು ಮೊದಲು ಆರಿಸಿದ್ದ ನೆರೆಯ ನಕ್ಷತ್ರ ನೀಲಿ ಛಾಯೆಯದ್ದು. ನೀಲಿ ಬೆಳಕನ್ನು ವಾತಾವರಣ ಹೆಚ್ಚು ಚದುರಿಸುವುದರಿಂದ, ನಕ್ಷತ್ರಗಳು ಪಶ್ಚಿಮಕ್ಕೆ ಇಳಿದಂತೆಲ್ಲ ರೇಖೆ ಓರೆಯಾಯಿತು. ಬಣ್ಣ ಹೊಂದುವ ಮೂರು ನಕ್ಷತ್ರಗಳನ್ನು ಆರಿಸಿಕೊಂಡ ಮೇಲೆ ರೇಖೆ ಮಟ್ಟಸವಾಯಿತು. ನಡುವಿನ ತಗ್ಗು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಯಿತು. ಬೆಳಿಗ್ಗೆ ಕಾಫಿ ತಂದ ಅಮ್ಮ ಪರದೆಯ ಮೇಲೆ ಬೆರಳಿಟ್ಟು, "ಇಲ್ಲೇನಪ್ಪ ಅದು ಅಡ್ಡ ಬಂದಿದ್ದು?" ಎಂದು ಕೇಳಿದರು. ಅವರು ಬೆರಳಿಟ್ಟ ಜಾಗ ಸರಿಯಾಗಿತ್ತು.

ಕಂಡುಹಿಡಿದಾಗಿರುವ ಗ್ರಹವನ್ನು ಮತ್ತೆ ಏಕೆ ಅಳೆಯಬೇಕು ಎಂದು ಹಲವರು ಕೇಳುತ್ತಾರೆ. ಈ ಗ್ರಹ ವರ್ಷಕ್ಕೆ ಸುಮಾರು 449 ಸುತ್ತು ಹಾಕುತ್ತದೆ. ಸುತ್ತಿನ ಅವಧಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಪ್ಪಿದ್ದರೂ ಹತ್ತು ವರ್ಷಗಳಲ್ಲಿ ಮುನ್ಸೂಚನೆ ಏಳೂವರೆ ನಿಮಿಷ ಹಳಿ ತಪ್ಪುತ್ತದೆ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಸಿದ್ಧಪಡಿಸುತ್ತಿರುವ ಏರಿಯಲ್ ದೂರದರ್ಶಕ ಇಂಥ ಗ್ರಹಗಳ ವಾತಾವರಣವನ್ನು ಪರೀಕ್ಷಿಸಲಿದೆ. ಅದರ ಒಂದೊಂದು ನಿಮಿಷವೂ ಅಮೂಲ್ಯ. ಈ ವೇಳಾಪಟ್ಟಿಯನ್ನು ನೇರ್ಪಡಿಸಲೆಂದೇ ಇರುವ ಎಕ್ಸೋಕ್ಲಾಕ್ ಯೋಜನೆ ನಮ್ಮಂಥ ಹವ್ಯಾಸಿಗಳ ಅಳತೆಗಳನ್ನೂ ಸ್ವೀಕರಿಸುತ್ತದೆ.

ಅದಕ್ಕಾಗಿ ಲ್ಯಾಪ್‌ಟಾಪಿನ ಗಡಿಯಾರವನ್ನು ಮೊದಲೇ ಸರಿಹೊಂದಿಸಿರಬೇಕು. ಫೆಬ್ರವರಿಯಲ್ಲಿ ಭೂಮಿ ಸೂರ್ಯನಿಗಿಂತ ಆ ನಕ್ಷತ್ರದ ಕಡೆಗಿರುವುದರಿಂದ ಅದರ ಬೆಳಕು ನಮಗೆ ಹೆಚ್ಚುಕಡಿಮೆ 8 ನಿಮಿಷ ಬೇಗ ತಲುಪುತ್ತದೆ; ಆ ಲೆಕ್ಕವನ್ನೂ ಸರಿಪಡಿಸಬೇಕು. ಎಲ್ಲ ಮುಗಿದಾಗ ನನ್ನ ಅಳತೆಯ ಮಧ್ಯಕಾಲಕ್ಕೂ ಮುನ್ಸೂಚನೆಗೂ ಒಂದು ನಿಮಿಷಕ್ಕಿಂತ ಕಡಿಮೆ ಅಂತರವಿತ್ತು. ಹುಣ್ಣಿಮೆ ರಾತ್ರಿಯ ಚಿತ್ರಗಳನ್ನು ಬದಿಗಿಟ್ಟು, ಶಿವರಾತ್ರಿಯ ಹಿಂದಿನ ರಾತ್ರಿಯದ್ದನ್ನು ಮಾತ್ರ ಕಳುಹಿಸಿದೆ.