ತಿಮ್ಮಕ್ಕನಂತೆ ಆಲದ ಸಾಲು ಬೆಳೆಸಲು: ಟೊಂಗೆ ಕಡಿಯುವುದರಿಂದ ಮೂರನೇ ಬೇಸಿಗೆವರೆಗೆ

ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಸುಮಾರು 4 ಕಿ.ಮೀ. ಉದ್ದಕ್ಕೆ ಹಬ್ಬಿದ ಆಲದ ಸಾಲನ್ನು ಸಾಲುಮರದ ತಿಮ್ಮಕ್ಕ ಮತ್ತು ಚಿಕ್ಕಯ್ಯ ದಂಪತಿ ಒಂದೇ ಸಲಕ್ಕೆ ನೆಟ್ಟಿದ್ದಲ್ಲ. ಮೊದಲ ವರ್ಷ 10, ಮರುವರ್ಷ 15, ಮೂರನೇ ವರ್ಷ 20. ಸಾಲುಮರ ಬೆಳೆಸಹೊರಟವರು ಮೊದಲು ಕಲಿಯಬೇಕಾದದ್ದು ಈ ಲೆಕ್ಕವನ್ನೇ. ಎಷ್ಟಕ್ಕೆ ನೀರು ಹೊರಬಲ್ಲಿರೋ ಅಷ್ಟೇ ನೆಡಿ. ಗಿಡಕ್ಕೊಂದು ಬಿಂದಿಗೆ, ಅಂದರೆ 15 ಲೀಟರ್ ಎಂದರೂ 10 ಗಿಡಕ್ಕೆ ಒಂದು ಸರದಿಗೆ 150 ಲೀಟರ್ ಬೇಕು.

ನೆಡುವ ಆಲದ ಟೊಂಗೆ ಕಡಿಯಲು ಮೃಗಶಿರಾ, ಆರಿದ್ರಾ ಮಳೆಯ ಹೊತ್ತು ಒಳ್ಳೆಯದು. ಮುಂಗೈ ಗಾತ್ರದ, 7–8 ಅಡಿ ಉದ್ದದ, ನೆಟ್ಟಗಿರುವ ಟೊಂಗೆ ಆರಿಸಿ. ಬುಡವನ್ನು ಓರೆಯಾಗಿ, ತುದಿಯನ್ನು ಸಮನಾಗಿ ಕಡಿಯಿರಿ. ಹೀಗೆ ಗುರುತಿದ್ದರೆ ತಲೆಕೆಳಗಾಗಿ ನೆಡುವ ತಪ್ಪು ಆಗದು. ಎಲೆಯೆಲ್ಲ ಸವರಿ, ಹಾಲು ಆರುವವರೆಗೆ ಎರಡು ಮೂರು ದಿನ ನೆರಳಲ್ಲಿಡಿ. ತುದಿಗೆ ಸೆಗಣಿ ಮೆತ್ತಿ.

2 ಅಡಿ ಆಳದ ಗುಂಡಿಗೆ ಕೊಳೆತ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿದ ಮಣ್ಣು ಹಾಕಿ. ಹಸಿ ಸೆಗಣಿ ಬೇಡ, ಗೆದ್ದಲು ಬರುತ್ತದೆ. ಬುಡದ ಮಣ್ಣನ್ನು ಗಟ್ಟಿಯಾಗಿ ತುಳಿಯಿರಿ. ಗಿಡದಿಂದ ಗಿಡಕ್ಕೆ 40 ಅಡಿ ಇರಲಿ, ಮೇಲೆ ವಿದ್ಯುತ್ ತಂತಿ ಇರಬಾರದು.

ಹೆಚ್ಚಿನವರು ಸೋಲುವುದು ಇದಾದ ಮೇಲೆ. ತಿಂಗಳೊಳಗೆ ಚಿಗುರು ಬರುತ್ತದೆ, ಬೇರು ಬಿಟ್ಟಿತೆಂದು ನೀರು ನಿಲ್ಲಿಸುತ್ತಾರೆ. ಆ ಚಿಗುರು ಟೊಂಗೆಯೊಳಗೆ ಉಳಿದಿದ್ದ ಸತ್ವದಿಂದ ಬಂದದ್ದು. ಕೆಳಗೆ ಬೇರು ಇನ್ನೂ ಇಲ್ಲದಿರಬಹುದು. ಬೇರೂರಿದೆಯೇ ಎಂದು ಅಲ್ಲಾಡಿಸಿ ನೋಡಲೂ ಬೇಡಿ, ಎಳೆಬೇರು ಕಿತ್ತುಹೋಗುತ್ತದೆ. ಎಲೆ ಬಾಡಿದ್ದರೆ ಉಗುರಿನಿಂದ ತೊಗಟೆ ಗೀರಿ: ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಬರುವ ಮಳೆಗಾಲಕ್ಕೆ ಅಲ್ಲೇ ಇನ್ನೊಂದು ನೆಡಿ. ಪಾತಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಮಳೆಗಾಲದಲ್ಲಿ ಪಾತಿಯ ಒಂದು ಬದಿ ಒಡೆದಿಡಿ.

ಜಾಲಿಮುಳ್ಳಿನ ಬೇಲಿಯನ್ನು ನೆಟ್ಟ ದಿನವೇ ಕಟ್ಟಬೇಕು, ನಾಳೆಗೆ ಬಿಡುವಂತಿಲ್ಲ. ಆಡು ಎಲೆ ತಿಂದರೆ ಮತ್ತೆ ಚಿಗುರೀತು, ಸುತ್ತಲೂ ತೊಗಟೆ ಸುಲಿದರೆ ಗಿಡ ಉಳಿಯದು. ತಿಮ್ಮಕ್ಕ ದಂಪತಿಯೂ ಗಿಡಗಳಿಗೆ ಮುಳ್ಳು ಕಟ್ಟಿಯೇ ದನಕರುಗಳಿಂದ ಕಾಪಾಡಿದ್ದು.

ಮೊದಲ ಬೇಸಿಗೆ ನಾಲ್ಕು ದಿನಕ್ಕೊಮ್ಮೆ, ಎರಡನೆಯದರಲ್ಲಿ ವಾರಕ್ಕೊಮ್ಮೆ ನೀರು. ಬುಡಕ್ಕೆ ಒಣಹುಲ್ಲು ಹೊದಿಸಿದರೆ ತೇವ ಉಳಿಯುತ್ತದೆ. ಮೂರನೇ ಬೇಸಿಗೆಯಲ್ಲಿ ಎಲೆ ಬಾಡಿದಾಗಷ್ಟೇ ಸಾಕು.

ಜಾಗದ ವಿಷಯದಲ್ಲಿ ಮಾತ್ರ ಅವಸರ ಬೇಡ. 2019ರಲ್ಲಿ ರಸ್ತೆ ಅಗಲೀಕರಣದಿಂದ ತಿಮ್ಮಕ್ಕನ ಮರಗಳಿಗೇ ಕುತ್ತು ಬಂದು, ಅವುಗಳನ್ನು ಉಳಿಸುವಂತೆ ಅವರೇ ಸರ್ಕಾರಕ್ಕೆ ಮೊರೆಯಿಡಬೇಕಾಯಿತು. ರಸ್ತೆ ಯಾರದೆಂದು ಪಂಚಾಯಿತಿಯಲ್ಲಿ ವಿಚಾರಿಸಿ, ಅದು ಲೋಕೋಪಯೋಗಿ ಇಲಾಖೆಯದಾಗಿದ್ದರೆ ಅಲ್ಲಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಡಾಂಬರಿನ ಅಂಚು ಬಿಟ್ಟು, ರಸ್ತೆಯ ಜಾಗ ಮುಗಿಯುವ ಗಡಿಗೆ ಹತ್ತಿರ ಗುಂಡಿ ತೋಡಿ. ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟು, ನೆಟ್ಟ ದಿನಾಂಕದ ಸಮೇತ ಪಟ್ಟಿಯ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.